ಎರಡೊತ್ತು, ಎರಡೊತ್ತು

ಬೆಸಗರಹಳ್ಳಿ
25 ಮೇ 2025, ಭಾನುವಾರ

ನನ್ನ ಮಗಳು ನಾಗಶ್ರೀಗೆ,

ಅಪ್ಪ ಕಾಗದ ಬರೆದಿದ್ದಾನೆ, ಊರಲ್ಲಿ ಏನೋ ಆಗಿದೆ ಎಂದು ಗಾಬರಿ ಬೀಳಬೇಡ. ಏನೂ ಆಗಿಲ್ಲ. ಫೋನ್ ಮಾಡಿದಾಗಲೆಲ್ಲ ನೀನು "ಡ್ಯೂಟೀಲಿದ್ದೀನಿ ಅಪ್ಪ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ಆ ಆಮೇಲೆ ಇನ್ನೂ ಬಂದಿಲ್ಲ. ನಿನ್ನ ತಪ್ಪು ಎಂದು ಹೇಳುತ್ತಿಲ್ಲ. ಕೆಲಸದಲ್ಲಿರುವವರನ್ನು ಕೂಗಿ ಕರೆಯುವುದೇ ತಪ್ಪು. ಕಾಗದವಾದರೆ ಸದ್ದು ಮಾಡುವುದಿಲ್ಲ, ನಿನಗೆ ಪುರುಸೊತ್ತಾದಾಗ ಓದಿಕೊಳ್ಳಬಹುದು.

ಕಾಗದವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕು, ಇಲ್ಲದಿದ್ದರೆ ಓದುವವರಿಗೆ ಮರ್ಯಾದೆ ಕೊಟ್ಟಂತಲ್ಲ ಎಂದು ನಮ್ಮ ಏಳನೇ ಕ್ಲಾಸಿನ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದಾರೆ. ಅದಕ್ಕೇ ಹ ಇರುವ ಕಡೆಯೆಲ್ಲ ಹ ಹಾಕಿಯೇ ಬರೆಯುತ್ತಿದ್ದೇನೆ. ನಮ್ಮ ಕಡೆಯವರಿಗೆ ಅದು ಬಾಯಲ್ಲಿ ಬಾರದು, ಕೈಯಲ್ಲಿ ಬರುತ್ತದೆ.

ಬುದ್ಧ ಪೂರ್ಣಿಮೆಗೆ ನೀನು ಬರುತ್ತೀಯ ಎಂದು ನಿಮ್ಮತ್ತಿಗೆ ಮಂಜುಶ್ರೀ ಪಾಯಸ ಮಾಡಿದ್ದಳು. ನಿಮ್ಮಣ್ಣ ಸಿದ್ದರಾಜು ಸೋಮನಹಳ್ಳಿ ಫ್ಯಾಕ್ಟರಿಯಲ್ಲಿ ಎರಡು ಪಾಳಿ ಮಾಡುತ್ತಿದ್ದಾನೆ. ಅತ್ತಿಗೆ ಮೊದಲಿನಂತೆಯೇ ಇದ್ದಾಳೆ, ಮನೆ ತುಂಬ ಅವಳದೇ ಗಂಟಲು.

ನನಗೆ ಒಂದಷ್ಟು ವಿಷಯ ತಿಳಿಯಬೇಕು. ನಿನ್ನ ಔಷಧಿ ಕಿಟಕಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ? ಕೂತು ಕೊಡುತ್ತೀಯೋ ನಿಂತು ಕೊಡುತ್ತೀಯೋ? ಮಧ್ಯೆ ನೀರು ಕುಡಿಯಲು ಯಾರಾದರೂ ಬಿಡುತ್ತಾರೋ? ಸುಮ್ಮನೆ ಕೇಳಿದೆ.

ನನಗೆ ಉಬ್ಬಸ ಸ್ವಲ್ಪ ಎದ್ದಿತ್ತು. ತೋರಿಸಿ ಔಷಧಿ ತಂದಿದ್ದೇನೆ. ಕೊಟ್ಟವರ ಕೈ ಬಲು ಚುರುಕು.

ಇಂತಿ ನಿನ್ನ ಅಪ್ಪ,
ದೊಡ್ಡಸಿದ್ದಯ್ಯ, ನಿವೃತ್ತ ನೀರುಗಂಟಿ


ಮಳವಳ್ಳಿ
8 ಜೂನ್ 2025

ಅಪ್ಪ,

ನಿನ್ನ ಕಾಗದ ನೋಡಿ ನಗು ಬಂತು, ಆಮೇಲೆ ಇನ್ನೊಂದು ಸಲ ಓದಿದೆ. ತಲೆ ಕೆರೆದುಕೊಳ್ಳುವುದಕ್ಕೂ ಪುರುಸೊತ್ತಿಲ್ಲ ಅನ್ನುತ್ತಾರಲ್ಲ, ಅದು ಗಾದೆ ಅಂದುಕೊಂಡಿದ್ದೆ. ಈಗ ನಿಜವಾಗಿ ಕೆರೆತ ಬಂದರೂ ಮಧ್ಯಾಹ್ನದವರೆಗೆ ತಡೆದುಕೊಂಡಿರುತ್ತೇನೆ.

ಕೇಳಿದೆಯಲ್ಲ, ಹೇಳುತ್ತೇನೆ ಕೇಳು. ಇದು ಟ್ರಸ್ಟಿನ ಆಸ್ಪತ್ರೆ, ಔಷಧಿ ಅಗ್ಗ, ಹಾಗಾಗಿ ಮೂರು ತಾಲೂಕಿನ ಜನ ಬರುತ್ತಾರೆ. ಒಂಬತ್ತಕ್ಕೆ ಕಿಟಕಿ ತೆಗೆದರೆ ಬಲಗೈ ಕಂಪ್ಯೂಟರಿನ ಮೇಲೆ, ಎಡಗೈ ಔಷಧಿ ರ‍್ಯಾಕಿನ ಮೇಲೆ, ಕಿವಿ ಫೋನಿನ ಮೇಲೆ. ವಾರ್ಡಿನಿಂದ ನರ್ಸ್ ಮೋಹಿನಿ ಡ್ರಿಪ್ ಬಾಟಲಿ ಕೇಳುತ್ತಾಳೆ. ಮ್ಯಾನೇಜರು ವಾಟ್ಸಾಪಿನಲ್ಲಿ "ಎಷ್ಟು ಜನ ಆಯ್ತು?" ಅನ್ನುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋದು ನನ್ನದೇ ಕಥೆ. ಏಪ್ರಿಲ್‌ನಲ್ಲಿ ಒಬ್ಬರ ಮುಲಾಮು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಗೇಟಿನ ಹತ್ತಿರವೇ ಸಿಕ್ಕಿದರು, ಪುಣ್ಯ. ಆದರೂ ಮೆಮೊ ಬಂತು. ಇನ್ನೊಂದು ತಪ್ಪಾದರೆ ಅಕ್ಟೋಬರಿನಲ್ಲಿ ಕಾಂಟ್ರ್ಯಾಕ್ಟು ಮುಂದುವರಿಸುವುದಿಲ್ಲವಂತೆ.

ಅದಕ್ಕೇ ಈಗ ಶಿಸ್ತು ಮಾಡಿಕೊಂಡಿದ್ದೇನೆ. ಡೈರಿ ತಂದೆ, ಮೂರು ಬಣ್ಣದ ಪೆನ್ನು ತಂದೆ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಆಪ್ ಹಾಕಿಕೊಂಡೆ. ಗಂಟೆ ಹೊಡೆದರೆ ಸಾಲಿನಲ್ಲಿದ್ದವರು ಟೋಕನ್ ಕರೆದರು ಅಂದುಕೊಂಡು ನುಗ್ಗಿದರು. ಅದನ್ನು ತೆಗೆದುಹಾಕಿದೆ. ಕೊನೆಗೆ ಒಂದೇ ಉಪಾಯ ಕೈ ಹಿಡಿದಿದೆ: ನಾನು ತಲೆ ಎತ್ತುವುದೇ ಇಲ್ಲ. ತಲೆ ಎತ್ತಿದರೆ ಮಾತು, ಮಾತಾಡಿದರೆ ಎರಡು ನಿಮಿಷ ಹೋಯಿತು. ಚೀಟಿ ನೋಡು, ಔಷಧಿ ಕೊಡು, "ಮುಂದೆ" ಅನ್ನು. ಮೊನ್ನೆ ಒಂದೇ ದಿನ ಇನ್ನೂರ ಹತ್ತು ಜನ! ಮ್ಯಾನೇಜರು ಶಭಾಷ್ ಅಂದರು. ನಿನ್ನ ಮಗಳು ಗಟ್ಟಿಗಿತ್ತಿ ಅಪ್ಪ.

ಉಬ್ಬಸಕ್ಕೆ ಏನು ಕೊಟ್ಟರು? ಸರಿಯಾಗಿ ತಗೋ. ಬಿಡುವು ಮಾಡಿಕೊಂಡು ಬರುತ್ತೇನೆ.

ನಿನ್ನ ನಾಗು


ಬೆಸಗರಹಳ್ಳಿ
20 ಜೂನ್ 2025

ನಾಗಶ್ರೀ,

ನಾನು ಮಂಜುಶ್ರೀ ಬರೆಯುತ್ತಿರುವುದು. ಫೋನ್‌ನಲ್ಲಿ ನಾಗುಗೆ ಹೇಳಬೇಡ ಎಂದು ಮಾವ ನನ್ನಿಂದ ಭಾಷೆ ತಗೊಂಡಿದ್ದಾರೆ. ಕಾಗದದಲ್ಲಿ ಬರೆಯಬೇಡ ಎಂದು ಹೇಳಲಿಲ್ಲ. ಅದು ಅವರ ತಪ್ಪು.

ಹೋದ ಶುಕ್ರವಾರ ಮಾವನಿಗೆ ಉಸಿರು ಕಟ್ಟಿಹೋಯಿತು. ತುಟಿ ನೀಲಿಗೆ ತಿರುಗಿತು ಕಣಮ್ಮ. ನಿಮ್ಮಣ್ಣ ಆಟೋದಲ್ಲಿ ಹಾಕಿಕೊಂಡು ಮದ್ದೂರಿಗೆ ಓಡಿದರು. ಎರಡು ದಿನ ಆಕ್ಸಿಜನ್ ಹಾಕಿದ್ದರು. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ, ನಿನ್ನದು ಸೈಲೆಂಟು. ಸಂಜೆ ನೀನು ಮಾಡಿದಾಗ ಮಾವ ಮುಖದ ಮಾಸ್ಕ್ ಕಿತ್ತು ನನ್ನ ಕೈಯಿಂದ ಫೋನ್ ತಗೊಂಡು "ಏನಿಲ್ಲ ಕಣವ್ವ, ಕೈ ತಾಗಿ ಫೋನ್ ಓಗಿತ್ತು" ಅಂದರು. ನೀನು "ಸರಿ ಅಪ್ಪ" ಎಂದು ಇಟ್ಟುಬಿಟ್ಟೆ.

ಈಗ ಮನೆಗೆ ಬಂದಿದ್ದಾರೆ, ಹುಷಾರಾಗಿದ್ದಾರೆ. ಅಳಬೇಡ. ಇನ್ನೂ ಇದೆ, ಕೇಳು.

ಮದ್ದೂರಿನ ಡಾಕ್ಟರು ಆ ಎದೆಗೆ ಎಳೆದುಕೊಳ್ಳುವ ಪಂಪು ನೋಡಿ, ದಿನಕ್ಕೆ ಎಷ್ಟು ಸಲ ತಗೋತೀಯಪ್ಪ ಎಂದು ಕೇಳಿದರು. ಮಾವ ಹೇಳಿದರು: "ಒತ್ತಾರೆ ಎದ್ದು ಎರಡು ಒತ್ತು ಒತ್ಕತೀನಿ ಸ್ವಾಮಿ. ಎರಡೊತ್ತು, ಎರಡೊತ್ತು ಅಂತ ಒತ್ತಿ ಒತ್ತಿ ಯೋಳವ್ರೆ." ಡಾಕ್ಟರು ಹಣೆ ಚಚ್ಚಿಕೊಂಡರು. ಎರಡು ಹೊತ್ತು, ಹೊತ್ತಿಗೆ ಎರಡು ಸಲ ಒತ್ತಬೇಕಂತೆ. ಅಂದರೆ ಬೆಳಿಗ್ಗೆ ಎರಡು, ಸಂಜೆ ಎರಡು. ಇವರು ಸಂಜೆಯದನ್ನು ಬಿಟ್ಟು ಒಂದು ತಿಂಗಳು ಅರ್ಧ ಔಷಧಿಯಲ್ಲೇ ಉಸಿರಾಡಿದ್ದಾರೆ.

ಯಾರು ಹೀಗೆ ಅರೆಬರೆ ಹೇಳಿ ಕಳಿಸಿದ್ದು ಎಂದು ನಾನು ಆಸ್ಪತ್ರೆಯಲ್ಲೇ ಬೈಯಲು ಶುರುಮಾಡಿದೆ. ಮಾವ "ಬೈಬೇಡ ಬುಡು, ಆ ಕೂಸ್ಗೆ ಕೆಲ್ಸ ಜಾಸ್ತಿ" ಅಂದರು. ಯಾವ ಕೂಸು ಅಂದೆ. ಅವರು ಅಂಗಿ ಜೇಬನ್ನು ಕೈಯಿಂದ ಮುಚ್ಚಿಕೊಂಡರು. ಚೀಟಿ ತೆಗೆದು ನೋಡಿದೆ. ನಿನ್ನ ಆಸ್ಪತ್ರೆ, ನಾಗಶ್ರೀ. ನಿನ್ನ ಕಿಟಕಿ. ಮೇ 19, ಸೋಮವಾರ. ನಿನ್ನನ್ನು ನೋಡಿಕೊಂಡು, ಹಾಗೇ ತೋರಿಸಿಕೊಂಡು ಬರೋಣ ಎಂದು ಹೋಗಿದ್ದರು. ನಿನಗೆ ಎಂದು ಹಲಸಿನ ತೊಳೆ ಬಿಡಿಸಿ ಡಬ್ಬಿಗೆ ಹಾಕಿ ಕೊಟ್ಟಿದ್ದೆ. ಡಬ್ಬಿ ಹಾಗೇ ವಾಪಸು ಬಂತು. ನಿನಗೆ ರಜೆಯಿತ್ತು ಎಂದು ಸುಳ್ಳು ಹೇಳಿದರು. ಆ ಹಲಸನ್ನು ನಾವೇ ತಿಂದೆವು.

ಅಪ್ಪ ಎದುರಿಗೆ ನಿಂತಿದ್ದಾರೆ, ನೀನು ತಲೆ ಎತ್ತಲಿಲ್ಲ. ನನಗೆ ಬೇಜಾರಾಗಿದೆ, ಕೋಪವೂ ಬಂದಿದೆ, ಬರೆದಿದ್ದೇನೆ. ಇನ್ನು ನಿನಗೆ ಬಿಟ್ಟದ್ದು.

ನಿನ್ನ ಅತ್ತಿಗೆ,
ಮಂಜುಶ್ರೀ


ಮಳವಳ್ಳಿ
29 ಜೂನ್ 2025

ಅಪ್ಪ,

ಮಂಗಳವಾರ ಊರಿಗೆ ಬಂದೆ. ಎರಡು ದಿನ ಇದ್ದೆ. ನೀನು ಜಗಲಿ ಮೇಲೆ ಕೂತಿದ್ದೆ, "ಬಂದ್ಯಾ ಕೂಸೆ" ಅಂದೆ. ಅಣ್ಣನ ಫ್ಯಾಕ್ಟರಿ, ಮಕ್ಕಳ ಸ್ಕೂಲು, ನಾಲೆಗೆ ಯಾವಾಗ ನೀರು ಬಿಡುತ್ತಾರೆ, ಎಲ್ಲ ಮಾತಾಡಿದೆವು. ಅತ್ಗೆ ಮುದ್ದೆಗೆ ಬಸ್ಸಾರು ಮಾಡಿ ಬಡಿಸಿದರು, ಒಂದು ಮಾತೂ ಚುಚ್ಚಲಿಲ್ಲ. ಆ ಕಿಟಕಿಯ ಮಾತನ್ನು ಮಾತ್ರ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀನು ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಪಂಪು ಒತ್ತಿಕೊಂಡೆ. ನಾನು ನೋಡುತ್ತಿದ್ದೇನೆ ಎಂದು ಗೊತ್ತಿದ್ದೂ ಗೋಡೆ ಕಡೆ ತಿರುಗಿದ್ದೆ.

ಎದುರಿಗೆ ಆಡಲಾಗದ್ದನ್ನು ಬರೆಯುತ್ತೇನೆ. ವಾಪಸು ಬಂದವಳೇ ಕಂಪ್ಯೂಟರ್ ತೆಗೆದು ಹುಡುಕಿದೆ. ಮೇ 19, ಬೆಳಿಗ್ಗೆ 11.42. ದೊಡ್ಡಸಿದ್ದಯ್ಯ, 71, ಬೆಸಗರಹಳ್ಳಿ. ನಿನ್ನ ಹೆಸರು, ನಿನ್ನ ವಯಸ್ಸು, ನನ್ನ ಊರು. ಅಷ್ಟನ್ನೂ ನನ್ನ ಬೆರಳೇ ಟೈಪ್ ಮಾಡಿದೆ, ಅಪ್ಪ. ಟೈಪ್ ಮಾಡಿದ ಬೆರಳಿಗೂ ಗೊತ್ತಾಗಲಿಲ್ಲ. ಹತ್ತು ವರ್ಷ ನಿನ್ನ ಸೈಕಲ್ಲಿನ ಮುಂದಿನ ಕಂಬಿ ಮೇಲೆ ಕೂತು ಸ್ಕೂಲಿಗೆ ಹೋದವಳು ನಾನು. ಅವತ್ತು ನೀನು ಕಿಟಕಿಯೊಳಗೆ ಕೈ ಚಾಚಿದಾಗ ಆ ಕೈಯನ್ನಾದರೂ ಗುರುತು ಹಿಡಿಯಬೇಕಿತ್ತು.

ಕಾಲೇಜಿನಲ್ಲಿ ಕಲಿತ ಹಕಾರವೂ ಅವಸರದಲ್ಲಿ ಬಿದ್ದುಹೋಗಿದೆ. ಎರಡು ಒತ್ತು, ಎರಡು ಹೊತ್ತು ಎಂದು ಹೇಳಬೇಕಾದವಳು ಒಂದೇ ಉಸಿರಿಗೆ ಎರಡೊತ್ತು ಎರಡೊತ್ತು ಎಂದು ಎಸೆದುಬಿಟ್ಟಿದ್ದೇನೆ. ಇನ್ನು ಎಷ್ಟು ಜನರಿಗೆ ಹಾಗೆ ಹೇಳಿ ಕಳಿಸಿದ್ದೇನೋ. ಇನ್ನೂರ ಹತ್ತು ಜನ ಎಂದು ನಿನಗೇ ಕೊಚ್ಚಿಕೊಂಡು ಬರೆದಿದ್ದೆನಲ್ಲ, ನಾಚಿಕೆಯಾಗುತ್ತದೆ.

ರಾಜೀನಾಮೆ ಬರೆದಿಟ್ಟಿದ್ದೇನೆ. ನನಗೆ ಈ ಕೆಲಸ ಮಾಡುವ ಯೋಗ್ಯತೆ ಇಲ್ಲ. ಕೊಡುವ ಮೊದಲು ನಿನ್ನನ್ನು ಒಂದು ಮಾತು ಕೇಳೋಣ ಎಂದು ಬರೆಯುತ್ತಿದ್ದೇನೆ. ಬೈದು ಬರೆ, ಪರವಾಗಿಲ್ಲ.

ನಾಗು


ಬೆಸಗರಹಳ್ಳಿ
6 ಜುಲೈ 2025, ಭಾನುವಾರ

ಮಗಳೇ,

ರಾಜೀನಾಮೆ ಹರಿದುಹಾಕು. ಉಳಿದದ್ದನ್ನು ಆಮೇಲೆ ಓದು.

ಹರಿದೆಯಾ? ಸರಿ. ಮೊದಲು ನನ್ನ ತಪ್ಪು ಹೇಳುತ್ತೇನೆ. ಅವತ್ತು ನಿನ್ನ ಕಿಟಕಿಯ ಮುಂದೆ ಮುಖಕ್ಕೆ ಬಟ್ಟೆ ಮಾಸ್ಕ್ ಹಾಕಿದ್ದೆ ನಿಜ. ಆದರೆ "ನಾಗು" ಅಂದಿದ್ದರೆ ಸಾಕಿತ್ತು. ಕೆಮ್ಮಿದ್ದರೂ ಸಾಕಿತ್ತು, ನನ್ನ ಕೆಮ್ಮು ನಿನಗೆ ಗೊತ್ತು. ಮಗಳು ತಾನಾಗಿ ನೋಡುತ್ತಾಳೋ ಇಲ್ಲವೋ ಎಂದು ಕೆಮ್ಮನ್ನೂ ತಡೆದುಕೊಂಡು ನಿಂತೆ. ದುಡಿಯುವ ಮಗಳನ್ನು ಪರೀಕ್ಷೆ ಮಾಡಲು ಹೋದ ಮುದುಕ ನಾನು. ನನಗೆ ಆಗಬೇಕಾದ್ದೇ ಆಯಿತು.

ನೋವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮದ್ದೂರಿನ ತನಕ ಬಸ್ಸಿನಲ್ಲಿ ಕಣ್ಣು ಒರೆಸಿಕೊಂಡೆ. ಪಕ್ಕದವನು "ದೂಳಾ ಯಜಮಾನ್ರೇ?" ಅಂದ. ದೂಳು ಅಂದೆ.

ಪಂಪಿನ ಪೆಟ್ಟಿಗೆ ಮೇಲೆ ನೀನು 2-0-2 ಎಂದು ಪೆನ್ನಿನಲ್ಲಿ ಬರೆದಿದ್ದೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಇಲ್ಲ, ಸಂಜೆ ಎರಡು ಎಂದು ಅದರ ಅರ್ಥವಂತೆ, ಈಗ ಡಾಕ್ಟರು ಹೇಳಿದರು. ಅದು ನನ್ನ ಸರದಿ ನಂಬರು ಅಂದುಕೊಂಡಿದ್ದೆ. ಅಬ್ಬಾ, ನನ್ನ ಮಗಳು ಇನ್ನೂರ ಒಂದು ಜನಕ್ಕೆ ಕೊಟ್ಟು ಮುಗಿಸಿ ನನಗೆ ಕೊಡುತ್ತಿದ್ದಾಳೆ, ಪಾಪ ಎಷ್ಟು ಸೋತಿರಬೇಕು ಎಂದು ಕನಿಕರವೂ ಆಯಿತು.

ಈಗ ಕೇಳು. ನಾನು ಮೂವತ್ತೆರಡು ವರ್ಷ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಎಂದು ತಿರುವಿ ಬಿಡುವವನು. ನೀರು ಬಂದ ದಿನ ನಲವತ್ತು ಜನ ನನ್ನ ಸುತ್ತ. "ಲೇ ಸಿದ್ದ, ಮೊದ್ಲು ನನ್ ಗದ್ದೆಗೆ ಬುಡ್ಲಾ" ಎಂದು ಒಬ್ಬ, ನಮ್ಮ ಜಾತಿ ಹಿಡಿದು ಬೈಯುವವನು ಇನ್ನೊಬ್ಬ. ಹೊಸದರಲ್ಲಿ ಎಲ್ಲರ ಬಾಯಿ ಮುಚ್ಚಿಸಲು ಒಟ್ಟಿಗೆ ನಾಲ್ಕು ಗದ್ದೆಗೆ ನಾಲ್ಕು ಮಡೆ ತೆಗೆದು ನೀರು ಬಿಟ್ಟೆ. ಬೈಗಾದರೂ ಒಂದು ಗದ್ದೆಯೂ ನೆನೆಯಲಿಲ್ಲ, ನಾಲ್ವರೂ ಬೈದರು. ಆಗ ನಿಮ್ಮ ತಾತ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡು ಹೇಳಿದ, "ಒಂದು ಮಡೆ ತೆಗಿ. ಗುದ್ಲಿ ನೆಲಕ್ಕೂರಿ ನಿಂತ್ಕೊ. ಕೊನೆ ಪಾತಿಯಿಂದ 'ಮುಟ್ತೂ' ಅಂತ ಕೂಗು ಬರಬೇಕು. ಬರಗಂಟ ಇನ್ನೊಂದ್ಕೆ ಕೈ ಆಕ್ಬೇಡ. ನೀನು ಬುಟ್ಟಿದ್ದು ಲೆಕ್ಕಿಲ್ಲ ಕಣ್ಲಾ, ಅಲ್ಲಿ ಮುಟ್ಟಿದ್ದು ಲೆಕ್ಕ."

ಮಾರನೆಯ ದಿನದಿಂದ ಹಾಗೇ ಮಾಡಿದೆ. ನನ್ನನ್ನು ಬೈಯುತ್ತಿದ್ದವರೇ ಗದ್ದೆಯ ಕೊನೆಯಲ್ಲಿ ನಿಂತು ನನಗಾಗಿ "ಮುಟ್ತೂ" ಎಂದು ಕೂಗಬೇಕಾಯಿತು, ಹ್ಹ!

ನಿನ್ನ ಕಿಟಕಿಯಲ್ಲಿ ಆ ಕೂಗು ಇಲ್ಲ, ನಾಗು. ನೀನು ಬಿಟ್ಟೆ, ಮುಟ್ಟಿತೋ ಇಲ್ಲವೋ ತಿಳಿಯದು. ಹೇಗೆ ತಗೋಬೇಕು ಎಂಬುದನ್ನು ಔಷಧಿ ತಗೊಂಡವರ ಬಾಯಿಂದಲೇ ಹೇಳಿಸು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂದಿದ್ದಾರೆ.

ಬೈದು ಬರೆ ಅಂದಿದ್ದೆ. ಬೈಗುಳ ಬರೆಯಲು ಪುಸ್ತಕದ ಭಾಷೆಯಲ್ಲಿ ನನಗೆ ಬರುವುದಿಲ್ಲ.

ನಿನ್ನ ಅಪ್ಪ,
ದೊಡ್ಡಸಿದ್ದಯ್ಯ


ಮಳವಳ್ಳಿ
3 ಆಗಸ್ಟ್ 2025

ಅಪ್ಪ,

ನಿನ್ನ ಮಡೆ ವಿದ್ಯೆ ಮೊದಲ ವಾರ ನನ್ನ ಮಾನ ಕಳೆಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ಸೋಮವಾರ ಫೋನನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಒಬ್ಬರ ಚೀಟಿ ತಗೊಂಡೆ, ತಲೆ ಎತ್ತಿ ಮುಖ ನೋಡಿದೆ, ಹೆಸರು ಕೇಳಿದೆ, ಔಷಧಿ ಕೊಟ್ಟು, ಹೇಗೆ ತಗೋತೀರಿ ಹೇಳಿ ನೋಡೋಣ ಅಂದೆ. ಆ ಯಪ್ಪ ಕಕ್ಕಾಬಿಕ್ಕಿಯಾಗಿ "ನೀವ್ ಯೋಳ್ಬೇಕು ಕಣಮ್ಮ, ನಾನ್ಯಾಕ್ ಯೋಳ್ಲಿ?" ಅಂದರು. ಹಿಂದಿನಿಂದ ಒಬ್ಬರು "ಇದೇನ್ ಇಸ್ಕೂಲಾ? ಒತ್ತಾರೆಯಿಂದ ನಿಂತಿವ್ನಿ!" ಎಂದು ರೇಗಿದರು. ಒಂದು ಗಂಟೆಗೆ ಸಾಲು ಗೇಟು ದಾಟಿತ್ತು. ಬುಧವಾರ ಮೋಹಿನಿ ಮೂರು ಸಲ ಕೂಗಿದಳು. ನಾನು ನಿನ್ನ ಹಾಗೆ ಗುದ್ದಲಿ ಊರಿ ನಿಂತಿದ್ದೆ, ಅತ್ತ ತಿರುಗಲಿಲ್ಲ. ವಾರ್ಡಿನಲ್ಲಿ ಒಬ್ಬರಿಗೆ ಫಿಟ್ಸ್ ಬಂದಿತ್ತಂತೆ. ಅವಳೇ ಒಳಗೆ ನುಗ್ಗಿ ಇಂಜೆಕ್ಷನ್ ತಗೊಂಡು ಓಡಿದಳು. ಆಮೇಲೆ ಬಂದು ಬೈದಳು ನೋಡು, ನಮ್ಮತ್ಗೆಯೂ ಸೋಲಬೇಕು. ಅಪ್ಪ, ಅವಳು ಬೈದದ್ದು ನ್ಯಾಯ. ಒಂದೇ ಮಡೆ ಎಂದು ಕೂತರೆ ಇಂಥದ್ದಕ್ಕೆ ಏನು ಮಾಡಲಿ?

ಮ್ಯಾನೇಜರೂ ಕರೆಸಿದರು. ಒಂದು ತಿಂಗಳು ಟೈಮ್ ಕೊಡಿ ಸರ್ ಅಂದೆ. ಹತ್ತು ದಿನ ಕೊಟ್ಟರು.

ಆದರೆ ಕೇಳು, ಹೇಳಿಸಿದಾಗಲೇ ಗೊತ್ತಾಗಿದ್ದು. ಹತ್ತು ಜನರಲ್ಲಿ ನಾಲ್ಕು ಜನ ತಪ್ಪು ಹೇಳುತ್ತಾರೆ, ಅಪ್ಪ! ಅದರಲ್ಲಿ ಮೂರು ನನ್ನ ಮಾತಿನ ತಪ್ಪು. ಈಗ ಹೊತ್ತು ಎಂಬ ಮಾತನ್ನೇ ಕಿಟಕಿಯಲ್ಲಿ ಆಡುವುದಿಲ್ಲ. "ಒತ್ತಾರೆ ಎದ್ದು ಎರಡು ಸಲ ಅಮುಕಿ, ಬೈಗ್ನಲ್ಲಿ ದೀಪ ಅಚ್ಚಿದ್ಮೇಲೆ ಎರಡು ಸಲ ಅಮುಕಿ" ಅನ್ನುತ್ತೇನೆ. ಕಾಲೇಜಿನ ಕನ್ನಡ ಬಿಟ್ಟೆ, ನಮ್ಮ ಮನೆಯದನ್ನೇ ಆಡುತ್ತೇನೆ. ಜನ ಮುಖ ಅರಳಿಸಿಕೊಂಡು ತಿರುಗಿ ಹೇಳುತ್ತಾರೆ.

ಮೂರನೇ ವಾರದಲ್ಲಿ ಒಂದು ವಿಚಿತ್ರ ಕಂಡೆ. ಮೊದಲೆಲ್ಲ ಔಷಧಿ ತಗೊಂಡು ಹೋದವರೇ ಅರ್ಧ ಗಂಟೆಗೆ ವಾಪಸು ಬಂದು ಸಾಲಿನ ಪಕ್ಕದಿಂದ ತಲೆ ತೂರಿಸಿ "ಅಮ್ಮಾ, ಇದು ಯಾವಾಗ?" ಎಂದು ಕೇಳುತ್ತಿದ್ದರು. ಅದರಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು, ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಈಗ ಅವರು ಬರುವುದು ನಿಂತಿದೆ. ಶುಕ್ರವಾರ ಒಂದೂವರೆಗೆ ಸಾಲು ಖಾಲಿ! ನಾನು ಕೂತು ಊಟ ಮಾಡಿದೆ. ಅನ್ನ ಬಿಸಿಯಾಗಿತ್ತು.

ನಿನಗೆ ಹೇಗೆ ಹೇಳಲಿ, ಅಪ್ಪ. ನಿನ್ನ ಉಸಿರು ನನ್ನಿಂದ ಹೋಗುವುದರಲ್ಲಿತ್ತು, ನೀನು ನನಗೆ ನಿನ್ನ ಮೂವತ್ತೆರಡು ವರ್ಷ ಕೊಟ್ಟೆ. ನಿನ್ನ ಉಪಕಾರ ದೊಡ್ಡದು.

ನಾಗು


ಬೆಸಗರಹಳ್ಳಿ
17 ಆಗಸ್ಟ್ 2025, ಭಾನುವಾರ

ಮಗಳೇ,

ನಾಲೆಗೆ ನೀರು ಬಂದಿದೆ. ಈಗಿನ ನೀರುಗಂಟಿ ಕೈಯಲ್ಲಿ ಮೊಬೈಲು ಹಿಡಿದು ಮಡೆ ತಿರುವುತ್ತಾನೆ. ನಾನು ಬಾಯಿ ಮುಚ್ಚಿಕೊಂಡು ಏರಿ ಮೇಲೆ ಎರಡು ಮೈಲಿ ನಡೆದೆ. ದಮ್ಮು ಹತ್ತಲಿಲ್ಲ.

ಮೋಹಿನಿಯ ವಿಷಯ. ಅದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು. ಏರಿ ಒಡೆದರೆ ಸರದಿ ಇಲ್ಲ. ಗುದ್ದಲಿ ಹೆಗಲಿಗೆ ಹಾಕಿ ಓಡಬೇಕು. ಆದರೆ ನೀರಿನ ಕಾಲದಲ್ಲಿ ಎಲ್ಲರೂ "ಏರಿ ಒಡೀತು" ಎಂದೇ ಕೂಗಿಕೊಂಡು ಬರುತ್ತಾರೆ. ನಾನು ಬಾಯಿ ಕೇಳುತ್ತಿರಲಿಲ್ಲ, ಕಾಲು ನೋಡುತ್ತಿದ್ದೆ. ನಿಜವಾಗಿ ಒಡೆದಿದ್ದರೆ ಮೊಣಕಾಲ ತನಕ ಕೆಸರಿರುತ್ತದೆ. ಬಾಯಲ್ಲೇ ಒಡೆದಿದ್ದರೆ ಚಪ್ಪಲಿಯೂ ನೆನೆದಿರುವುದಿಲ್ಲ. ಆ ಹೆಣ್ಣುಮಗಳು ಓಡಿ ಬಂದರೆ ಏಳು. ಕೂತಲ್ಲಿಂದ ಫೋನ್ ಮಾಡಿದರೆ ಕಾಯಲಿ. ಇದನ್ನು ಅವಳಿಗೂ ಮೊದಲೇ ಹೇಳಿಬಿಡು.

ಉಪಕಾರ ಗಿಪಕಾರ ಎಂದೆಲ್ಲ ಅಪ್ಪನಿಗೆ ಬರೆಯಬೇಡ. ಕಾಗದ ಓದಿದ ನಿಮ್ಮತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದಳು. ಬೈದು ಬರೆದವಳು ಅವಳು. ಉಪಕಾರ ಹೇಳುವುದಿದ್ದರೆ ಅವಳಿಗೆ ಹೇಳು.

ಅಪ್ಪ


ಮಳವಳ್ಳಿ
7 ಸೆಪ್ಟೆಂಬರ್ 2025

ಅತ್ಗೆ,

ಅಪ್ಪ ಹೇಳಿ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ. ಬರೆಯಲು ಕೂತು ಎರಡು ಸಲ ಎದ್ದೆ.

ನಿಮ್ಮ ಕಾಗದವನ್ನು ನನ್ನ ಕಿಟಕಿಯ ಒಳಗೋಡೆಗೆ ಅಂಟಿಸೋಣ ಅಂದುಕೊಂಡೆ, ಮ್ಯಾನೇಜರು ಓದಿದರೆ ಎಂದು ಅಂಜಿ ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ. ಅಣ್ಣ, ಅಪ್ಪ, ಇಬ್ಬರೂ ನನ್ನ ಮೇಲಿನ ಪ್ರೀತಿಗೆ ಸುಮ್ಮನಾದರು. ನೀವು ಸುಮ್ಮನಿರಲಿಲ್ಲ. ನೀವೂ ಸುಮ್ಮನಿದ್ದಿದ್ದರೆ ನಾನು ಇವತ್ತಿಗೂ ತಲೆ ತಗ್ಗಿಸಿಕೊಂಡು "ಮುಂದೆ, ಮುಂದೆ" ಅನ್ನುತ್ತಿದ್ದೆ. ಅಪ್ಪನನ್ನು ಆಟೋ ಹತ್ತಿಸಿ ಎದೆಗೆ ಒರಗಿಸಿಕೊಂಡು ಕೂತವರು ನೀವು ಎಂದು ಅಣ್ಣ ಹೇಳಿದ. ಮಗಳು ಮಾಡಬೇಕಾದ್ದನ್ನು ನೀವು ಮಾಡಿದಿರಿ. ನಿಮ್ಮ ಕಾಲಿಗೆ ಬಿದ್ದರೂ ತೀರುವುದಿಲ್ಲ.

ಕಾಂಟ್ರ್ಯಾಕ್ಟು ಮುಂದುವರಿಸಿದ್ದಾರೆ. ಮೋಹಿನಿ ಈಗ ನಿಜವಾದ ತುರ್ತಿಗೆ ತಾನೇ ಓಡಿ ಬರುತ್ತಾಳೆ, ಉಳಿದದ್ದನ್ನು ಚೀಟಿಯಲ್ಲಿ ಬರೆದು ಹನ್ನೆರಡಕ್ಕೆ ಒಟ್ಟಿಗೆ ಕಳಿಸುತ್ತಾಳೆ. ಅವಳ ಚಪ್ಪಲಿ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ. ಸಂಜೆ ಐದಕ್ಕೆ ಡ್ರಾಯರಿನಿಂದ ಫೋನ್ ತೆಗೆದು ಮೊದಲು ಮಾಡುವುದು ನಿಮ್ಮ ಮನೆಗೆ. ನಿನ್ನೆ ನೀವೇ ಎತ್ತಿ "ದಿನಾ ಏನ್ ಮಾತಾಡದು, ಸಾರು ಉಕ್ತಾ ಅದೆ" ಎಂದು ಇಟ್ಟಿರಿ. ಎಷ್ಟು ಖುಷಿಯಾಯಿತು ಗೊತ್ತಾ?

15ನೇ ತಾರೀಕು ಸೋಮವಾರ ಅಪ್ಪನನ್ನು ಇಲ್ಲಿಯ ಡಾಕ್ಟರು ಮತ್ತೆ ನೋಡಬೇಕು. ಕಳಿಸಿಕೊಡಿ.

ನಿಮ್ಮ ನಾದಿನಿ,
ನಾಗಶ್ರೀ


ಬೆಸಗರಹಳ್ಳಿ
21 ಸೆಪ್ಟೆಂಬರ್ 2025, ಭಾನುವಾರ

ನನ್ನ ಮಗಳು ನಾಗಶ್ರೀಗೆ,

ಸೋಮವಾರ ನಿನ್ನ ಕಿಟಕಿಯ ಸಾಲಿನಲ್ಲಿ ನಾನು ಇಪ್ಪತ್ತಮೂರನೆಯವನು. ಈ ಸಲ ಎಣಿಸಿಕೊಂಡೆ. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ನೀನು ತಲೆ ಎತ್ತಿದೆ, ನೋಡಿದೆ, ನಕ್ಕೆ. ಬೆಂಚಿನ ಮೇಲೆ ಕೂತಿರು ಎಂದು ಕೈ ತೋರಿಸಿದೆ. ನಾನು ನಿಲ್ಲುತ್ತೇನೆ ಎಂದು ತಲೆಯಾಡಿಸಿದೆ. ಆಮೇಲೆ ನೀನು ನನ್ನ ಕಡೆ ನೋಡಲಿಲ್ಲ. ಎದುರಿಗಿದ್ದ ಮುದುಕಿಗೆ ಕಣ್ಣಿನ ಡ್ರಾಪ್ಸ್ ಹಾಕಿಕೊಳ್ಳುವುದನ್ನು ಹೇಳಿಸುತ್ತಿದ್ದೆ. ಮೂರು ಸಲ ತಪ್ಪು ಹೇಳಿದಳು, ನಾಲ್ಕನೆಯ ಸಲ ಸರಿಯಾಯಿತು, ನೀನು ಬೇಸರ ಮಾಡಿಕೊಳ್ಳಲಿಲ್ಲ. ನಾನು ದೂರದಿಂದಲೇ ನನ್ನಷ್ಟಕ್ಕೆ "ಮುಟ್ತು" ಅಂದುಕೊಂಡೆ.

ನನ್ನ ಸರದಿ ಬಂದಾಗ "ಹೆಸರು ಹೇಳಿ ಯಜಮಾನ್ರೇ" ಅಂದೆಯಲ್ಲ, ಕಳ್ಳಿ! ನಾನೂ ಬಿಡಲಿಲ್ಲ. "ಎರಡು ಹೊತ್ತು, ಹೊತ್ತಿಗೆ ಎರಡು ಸಲ" ಎಂದು ಎದೆ ತುಂಬ ಉಸಿರು ತಗೊಂಡು ಹ ಅಂದೆ. ನಿನ್ನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಹಿಂದಿನವರು ನೋಡಿಯಾರು ಎಂದು ಬೇಗ ಪಕ್ಕಕ್ಕೆ ಸರಿದೆ.

ಇಷ್ಟು ನಿನಗೆ ಗೊತ್ತಿರುವುದು. ಗೊತ್ತಿಲ್ಲದ್ದು ಒಂದಿದೆ, ಅದಕ್ಕೇ ಈ ಕಾಗದ.

ಸಾಲಿನಲ್ಲಿ ನನ್ನ ಹಿಂದೆ ಮಳವಳ್ಳಿ ಕಡೆಯ ಒಬ್ಬ ಹೆಂಗಸು ನಿಂತಿದ್ದಳು. ಹೆಸರು ಚಿಕ್ಕಬೋರಮ್ಮ, ಮಂಡಿ ನೋವಂತೆ. ತಡವಾಗುತ್ತದೇನೋ ಎಂದು ನಾನು ಮಾತಿಗೆ ಅಂದೆ. ಅದಕ್ಕೆ ಅವಳು, "ಏಟೊತ್ತಾದ್ರೂ ಚಿಂತಿಲ್ಲ ಕಣಯ್ಯ. ಈ ಕಿಟಕಿ ಹೆಣ್ಣು ಮೊಕ ನೋಡಿ ಯೋಳ್ತಾಳೆ, ನಮ್ಮಂಗೇ ಮಾತಾಡ್ತಾಳೆ. ನಮ್ಮಂತೋರ್ನ ಯಾರು ಕೇಳ್ತಾರೆ ಯೋಳು? ಯಾರ್ ಎತ್ತ ಮಗಳೋ ಏನೋ, ಎತ್ತೋರ ಒಟ್ಟೆ ತಣ್ಣಗಿರ್ಲಿ" ಅಂದಳು.

ನಿಮ್ಮವ್ವ ಇದನ್ನು ಕೇಳಲು ಇರಬೇಕಿತ್ತು, ನಾಗು. ಇಲ್ಲವಲ್ಲ ಎಂದು ಅವಳ ಪಾಲಿನದನ್ನೂ ನಾನೇ ಕೇಳಿಸಿಕೊಂಡೆ. ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. "ನನ್ ಮಗಳು ಕಣಮ್ಮ" ಅಂದುಬಿಟ್ಟೆ.

ಚಿಕ್ಕಬೋರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಓಗಯ್ಯ, ಸುಳ್ಳ್ ಯೋಳ್ಬೇಡ. ನಿನ್ ಮಗಳೇ ಆಗಿದ್ರೆ ನೀನ್ಯಾಕ್ ಇಲ್ಲಿ ನಮ್ ಜೊತೆ ಸಾಲ್ನಲ್ಲಿ ನಿಂತಿರ್ತಿದ್ದೆ?"

"ನನ್ ಮಗಳಾಗಿರೋದ್ಕೇ ನಿಂತಿವ್ನಿ ಕಣಮ್ಮ" ಅಂದೆ.

ಇಂತಿ,
ನಾಗಶ್ರೀಯ ಅಪ್ಪ